ಬೇವಿನ ಟೊಂಗೆಯೂ ಭಾವನವರ ಸೂತ್ರವೂ

ನಮ್ಮ ಭಾವನವರಿಗೆ ಈ ಭೂಮಂಡಲದಲ್ಲಿ ಇರುವ ಶತ್ರು ಒಂದೇ. ಅದು ನೆರೆಮನೆಯವರಲ್ಲ, ಸಕ್ಕರೆ ಕಾಯಿಲೆಯಲ್ಲ, ಸರಕಾರವೂ ಅಲ್ಲ, ದಶಮಾಂಶ ಬಿಂದು! ಉತ್ತರವೆಂಬುದು ಸೂತ್ರದ ರೂಪದಲ್ಲಿ, ಅಕ್ಷರಗಳ ಗಾಂಭೀರ್ಯದಿಂದ, ಒಂದೇ ಸಾಲಿನಲ್ಲಿ ನೆಟ್ಟಗೆ ಕುಳಿತಿರಬೇಕು. ಬಿಂದುವಿನ ಬಲಗಡೆ ಅಂಕಿಗಳು ಬಾಲದಂತೆ ಜೋಲಾಡುತ್ತಿದ್ದರೆ ಅವರ ಪ್ರಕಾರ ಅದು ಉತ್ತರವಲ್ಲ, ಉತ್ತರದ ವಿಷಯವಾಗಿ ಹಬ್ಬಿದ ಗಾಳಿಸುದ್ದಿ.

ಭಾವನವರೆಂದರೆ ನನ್ನ ಅಕ್ಕನ ಯಜಮಾನರು. ಬೀದರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ತೊಲೆ, ಕಂಬ, ಸೇತುವೆಗಳ ಪಾಠ ಹೇಳಿ ನಿವೃತ್ತರಾದವರು. ವಾಸ ಬೀದರಿಗೇ ಅಂಟಿದ ನೌಬಾದದಲ್ಲಿ, ಹಬ್ಬಗಳೆಲ್ಲ ಔರಾದದ ಹಿರಿಯರ ಮನೆಯಲ್ಲಿ. ಓದುಗರಲ್ಲಿ ಎಂಜಿನಿಯರುಗಳಲ್ಲದ ಭಾಗ್ಯಶಾಲಿಗಳೂ ಇರುವುದರಿಂದ ಒಂದು ಮಾತು ವಿವರಿಸಬೇಕು. ಲೆಕ್ಕವನ್ನು ಬಿಡಿಸುವವರಲ್ಲಿ ಎರಡು ಪಂಗಡ. ಒಂದು ಪಂಗಡದವರು ಪೆನ್ನು ಹಿಡಿದು, ತರ್ಕದ ಮೆಟ್ಟಿಲು ಹತ್ತಿ, ಪೂರ್ಣ ಸೂತ್ರವನ್ನೇ ಕಂಡುಹಿಡಿಯುತ್ತಾರೆ. ಅದರಲ್ಲಿ ಉದ್ದ, ದಪ್ಪ, ಭಾರ ಯಾವುದನ್ನು ಹಾಕಿದರೂ ಉತ್ತರ ಸಿದ್ಧ. ಇನ್ನೊಂದು ಪಂಗಡದವರು ವಸ್ತುವನ್ನು ಸಣ್ಣ ಸಣ್ಣ ತುಂಡುಗಳೆಂದು ಎಣಿಸಿ, ಒಂದು ಅಂದಾಜು ಕಟ್ಟಿ, ತಪ್ಪನ್ನು ತಿದ್ದಿ, ಮತ್ತೆ ತಿದ್ದಿ, ಕಂಪ್ಯೂಟರಿನ ನೆರವಿನಿಂದ ಉತ್ತರದ ಹತ್ತಿರ ಹತ್ತಿರ ಸರಿಯುತ್ತಾರೆ. ಇದಕ್ಕೆ ಸಂಖ್ಯಾತ್ಮಕ ವಿಧಾನವೆಂದು ಹೆಸರು. ಭಾವನವರು ಇದನ್ನು "ಕುರುಡನ ಕೋಲು" ಎಂದು ಕರೆಯುತ್ತಾರೆ.

ನಾನೋ, ಹಳೆಯ ಶಾಸನ, ಫರ್ಮಾನುಗಳ ಕಾಲನಿರ್ಣಯದಲ್ಲಿಯೇ ಸೇವೆ ಸವೆಸಿದವನು. ಎರಡು ದಾಖಲೆಗಳು ಪರಸ್ಪರ ಒಪ್ಪದಿದ್ದರೆ ಇಸವಿಯ ಹಿಂದೆ "ಸುಮಾರು" ಎಂದು ಬರೆಯುವುದು ನಮ್ಮ ಶಾಸ್ತ್ರದ ಸಭ್ಯತೆ. ಭಾವನವರಿಗೆ ಅದು ಸಹ್ಯವಾಗದು.

"ಸುಮಾರು ಅಂದ್ರೇನು? ಸುಲ್ತಾನ ಸತ್ತಾನೋ ಇಲ್ಲೋ?"

"ಸತ್ತಾನ್ರಿ. ಯಾವಾಗ ಅನ್ನೋದೇ..."

"ಹಂಗಾದ್ರ ಸುಮಾರು ಸತ್ತಾನೇನು?"



ಆದರೆ ಪೂರ್ಣ ಸೂತ್ರಕ್ಕೂ ಒಂದು ದೌರ್ಬಲ್ಯವಿದೆ. ಜಗತ್ತು ಇದ್ದಂತೆ ಇದ್ದರೆ ಅದು ಹುಟ್ಟುವುದಿಲ್ಲ; ಜಗತ್ತನ್ನು ಮೊದಲು ಒರೆಸಿ, ಉಜ್ಜಿ, ನಯ ಮಾಡಬೇಕು. ಅದಕ್ಕಾಗಿಯೇ ಭಾವನವರ ಮಾತೆಲ್ಲ "ಎಂದು ಭಾವಿಸೋಣ" ಎಂಬಲ್ಲಿಂದ ಆರಂಭವಾಗುತ್ತದೆ. ಒಮ್ಮೆ ಚಹಾ ಕುಡಿಯುವ ಹದಕ್ಕೆ ಯಾವಾಗ ಆರುತ್ತದೆಂದು ಸೂತ್ರ ಕಟ್ಟಲು ಕುಳಿತರು. ಲೋಟವು ಪರಿಪೂರ್ಣ ಸಿಲಿಂಡರ್ ಎಂದು ಭಾವಿಸಿಯಾಯಿತು. ಗಾಳಿಯು ನಿಶ್ಚಲವೆಂದು ಭಾವಿಸುವ ಸಲುವಾಗಿ ಬೇಸಗೆಯ ಮಧ್ಯಾಹ್ನ ಫ್ಯಾನು ಬಂದ್ ಮಾಡಿಸಿದರು. ನಾವೆಲ್ಲ ಬೆವರಿನಲ್ಲಿ ತೊಯ್ದು ಕುಳಿತೆವು. ಸಮೀಕರಣ ಅರ್ಧಕ್ಕೆ ಬಂದಿತ್ತು. ಅಷ್ಟರಲ್ಲಿ ಅಕ್ಕ ಚಹಾವನ್ನು ಅಗಲ ಬಾಯಿಯ ಬಸಿಗೆ ಸುರಿದು, ಒಂದು ಗುಟುಕು ಹೀರಿ, "ಇನ್ನಾ ಜರಾ ಸುಡ್ತದ" ಎಂದು ಊದಿ, ಮತ್ತೊಂದು ಗುಟುಕು ಹೀರಿ, "ಹ್ಞಾಂ, ಈಗ ಬರೋಬರಿ ಆತು, ಕುಡೀರಿ" ಎಂದಳು.

ಭಾವನವರು ಹೌಹಾರಿದರು. "ಆಕಾರಾನೇ ಬದಲ್ ಮಾಡಿಬಿಟ್ಟೆಲ್ಲ! ನನ್ನ ಸೂತ್ರ ಲೋಟಕ್ಕಿತ್ತು, ಬಸಿಗಲ್ಲ!"

"ನಿಮ್ಮ ಸೂತ್ರ ಲೋಟದಾಗೇ ಇರ್ಲಿರಿ. ಚಾ ನಾ ಕುಡೀತೇನಿ."

ಇಡೀ ಸಂಖ್ಯಾತ್ಮಕ ವಿಧಾನವನ್ನು ಎರಡು ಗುಟುಕಿನಲ್ಲಿ ಮುಗಿಸಿದ ಮಹಿಳೆಯೊಡನೆ ಅವರು ಇಷ್ಟು ಕಾಲ ಸಂಸಾರ ಮಾಡಿದ್ದಾರೆ. ಇನ್ನೂ ಪಾಠ ಕಲಿತಿಲ್ಲ!

ಔರಾದಕ್ಕೆ ರೈಲಿಲ್ಲ, ಬಸ್ಸೇ ಗತಿ. ಬಸ್ಸು ಸಮವೇಗದಲ್ಲಿ ಚಲಿಸುತ್ತದೆಂದು ಭಾವಿಸಿ ಭಾವನವರು ಒಮ್ಮೆ ಮದುವೆಯೊಂದಕ್ಕೆ ಹೊರಟರು. ಅಕ್ಷತೆ ಬೀಳುವ ಹೊತ್ತಿಗೆ ಸರಿಯಾಗಿ ಚಪ್ಪರದಲ್ಲಿ ಕಾಲಿಡುವಂತೆ ಅವರ ಗಣಿತವಿತ್ತು. ತಲುಪಿದಾಗ ಪಂಕ್ತಿಯ ಎಲೆಗಳನ್ನೂ ಎತ್ತಿಯಾಗಿತ್ತು. ಇಳಿಯುವಾಗ ಕಂಡಕ್ಟರನ್ನು ತರಾಟೆಗೆ ತೆಗೆದುಕೊಂಡರೆ ಆತ ವಿನಯದಿಂದಲೇ ಹೇಳಿದನಂತೆ: "ಸಮವೇಗ ಹ್ಯಾಂಗ ಆಗ್ತದ್ರಿ ಸರ್? ನಡಕ ಸಂತಪುರ ಬರ್ತದ, ಸಂತಪುರದಾಗ ಚಾ ಅದ, ಚಾಕ್ಕ ಡ್ರೈವರ್ ಅದಾನ."

ಇಂಥ ಮನೆಯಲ್ಲಿ ಅಕ್ಕನ ಒಬ್ಬಳೇ ಮಗಳು ಪ್ರೀತಿಸಿದ್ದಾದರೂ ಯಾರನ್ನು? ಸಂಖ್ಯಾತ್ಮಕ ವಿಧಾನದಲ್ಲಿಯೇ ಡಾಕ್ಟರೇಟ್ ಪಡೆದವನನ್ನು! ಹುಡುಗ ಭಾಲ್ಕಿಯವನು; ಭಾವನವರ ಹಳೆಯ ವಿದ್ಯಾರ್ಥಿ; ಅವಳ ಸಹಪಾಠಿ. ಜಾತಿ ಕೇಳಲಿಲ್ಲ, ಜಾತಕ ಕೇಳಲಿಲ್ಲ, ಭಾವನವರು ಅಷ್ಟು ಉದಾರಿ. ಆದರೆ ಹುಡುಗ ನೌಬಾದದ ಮನೆಗೆ ಬಂದು ಕುರ್ಚಿಯ ತುದಿಯಲ್ಲಿ ಕುಳಿತ ದಿನ ಕೇಳಿದ ಮೊದಲ ಪ್ರಶ್ನೆಯೇ ಇದು:

"ಈಗೂ ಹಂಗೇ ಮಾಡ್ತೀಯೇನು? ಹೆಚ್ಚೋದು, ಕೂಡಸೋದು, ತಿದ್ದೋದು?"

"ಹೌದ್ರಿ ಸರ್."

"ಉತ್ತರ ಸಿಗ್ತದೇನು?"

"ಹತ್ತಿರ ಬರ್ತೇನ್ರಿ."

"ಹತ್ತಿರ! ನಾಳಿ ನನ್ನ ಮಗಳು ಮನ್ಯಾಗ ಒಬ್ಬಾಕಿ ಕಾಯ್ಕೋತ ಕೂತಿರ್ತಾಳ. ನೀ ಮನಿ ಹತ್ತಿರ ಬಂದು ನಿಂತ್ರ ಸಾಕೇನು?"

ಅಕ್ಕ ಒಳಗಿನಿಂದಲೇ, "ನೀವಾದ್ರೂ ಎಂದರ ಟೈಮಿಗಿ ಮನಿಗಿ ಬಂದೀರೇನ್ರಿ?" ಎಂದದ್ದು ದಾಖಲೆಗೆ ಸೇರಬೇಕಾದ ಮಾತು. ಭಾವನವರು ಅದನ್ನು ಕೇಳಿಸಿಕೊಳ್ಳಲಿಲ್ಲ. "ನಾಗರ ಪಂಚಮಿಗಿ ಔರಾದಕ್ಕ ಬಾ, ನೋಡೋಣ" ಎಂದಷ್ಟೇ ಹೇಳಿ ಎದ್ದರು. ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಸೂತ್ರದ ಮನುಷ್ಯ ಜನ್ಮದಲ್ಲಿ ಮೊದಲ ಸಲ ಉತ್ತರವನ್ನು ಬಾಕಿ ಇಟ್ಟಿದ್ದರು; ಅಕ್ಕನ ಮಗಳು ಅಂದಿನಿಂದ ಊಟ ಬಿಟ್ಟು ಉಗುರು ತಿನ್ನತೊಡಗಿದಳು.

ಮುಂದಿನ ಘಟನೆ ನಡೆದ ದಿನದ ಬಗ್ಗೆ ಭಿನ್ನಾಭಿಪ್ರಾಯವಿದೆ. ಪಂಚಮಿಯ ದಿನವೇ ಎಂದು ಅಕ್ಕ ಸಾಧಿಸುತ್ತಾಳೆ. ಆದರೆ ಪಂಚಮಿಯಂದು ಆ ಮನೆಯಲ್ಲಿ ಒಲೆಯ ಮೇಲೆ ಹಂಚು ಇಡುವುದಿಲ್ಲ. ನಾನಾದರೋ ಹಂಚಿನಿಂದ ಇಳಿದ ಬಿಸಿ ಸಜ್ಜೆರೊಟ್ಟಿಯನ್ನು ಎಳ್ಳು ಸಮೇತ ತಿಂದದ್ದು ನಿಸ್ಸಂದೇಹ. ಆದುದರಿಂದ ಅದು ಹಬ್ಬದ ಹಿಂದಿನ ದಿನ, ರೊಟ್ಟಿ ಹಬ್ಬದಂದು ಎಂಬುದೇ ನನ್ನ ನಿರ್ಣಯ. ರೊಟ್ಟಿಗಿಂತ ಬಲವಾದ ಆಧಾರ ಯಾವುದಿದೆ?

ಹಿತ್ತಲಿನ ಬೇವಿನ ಮರಕ್ಕೆ ಪ್ರತಿವರ್ಷ ಮಗಳಿಗಾಗಿ ಜೋಕಾಲಿ ಕಟ್ಟುವವರು ಭಾವನವರೇ. ಆ ವರ್ಷ ಹಳೆಯ ಟೊಂಗೆ ಒಣಗಿದ್ದರಿಂದ ಹೊಸ ಟೊಂಗೆ ಆರಿಸಬೇಕಾಯಿತು. ಭಾವನವರು ಹುಡುಗನಿಗೆ ಆಜ್ಞಾಪಿಸಿದರು: "ಜೋಕಾಲಿ ಮ್ಯಾಲ ಕೂತ್ರ ಟೊಂಗಿ ಎಷ್ಟು ಬಾಗ್ತದ? ನೀ ನಿನ್ನ ಪದ್ಧತೀಲೆ ಮಾಡು, ನಾ ನನ್ನದರಲೆ ಮಾಡ್ತೇನಿ."

ಟೊಂಗೆಯ ದಪ್ಪ ಬುಡದಿಂದ ತುದಿಯವರೆಗೆ ಒಂದೇ ಎಂದು ಭಾವಿಸಿ ಭಾವನವರು ಚಹಾ ಬರುವುದರೊಳಗೆ ಕೆಲಸ ಮುಗಿಸಿದರು. ಹುಡುಗ ಏಣಿ ಹತ್ತಿ, ದಾರದಿಂದ ಅಲ್ಲಲ್ಲಿ ಸುತ್ತಳತೆ ತೆಗೆದು, ಗಂಟು, ಗೂನು, ಸೊಟ್ಟ ಎಲ್ಲವನ್ನೂ ಗುರುತಿಸಿ ಲ್ಯಾಪ್‌ಟಾಪಿನ ಮುಂದೆ ಕುಳಿತ. ಪರದೆಯ ಮೇಲೆ ಟೊಂಗೆ ತುಂಡು ತುಂಡಾಯಿತು. ಭಾವನವರು ಬಗ್ಗಿ ನೋಡಿದರು.

"ಇದೇನಪಾ, ಕೊತ್ತಂಬರಿ ಹೆಚ್ಚಿದಂಗ ಹೆಚ್ಚೀದಿ! ನಾಳಿ ಪಂಚಮಿ, ಹೆಚ್ಚಬಾರದು, ಕೊಯ್ಯಬಾರದು. ಹೆಚ್ಚೋದೆಲ್ಲ ಇವತ್ತೇ ಮುಗಿಸ್ಕೋ."

"ಲೆಕ್ಕದಾಗ ಹೆಚ್ಚೋದಕ್ಕೂ ಮಡಿ ಅದ ಏನ್ರಿ ಸರ್?"

"ನಾಗಪ್ಪಗ ನಿನ್ನ ಲ್ಯಾಪ್‌ಟಾಪ್ ತಿಳೀತದೇನು?"

ಅಕ್ಕನ ಮಗಳು ನನ್ನನ್ನು ನೀರಿನ ತೊಟ್ಟಿಯ ಹಿಂದೆ ಎಳೆದೊಯ್ದಳು. ಕಣ್ಣು ತುಂಬಿತ್ತು. "ಮಾಮಾ, ಇಂವ ಗೆದ್ರ ಅಪ್ಪಗ ಅಪಮಾನ ಆಗ್ತದ, ಲಗ್ನ ಇಲ್ಲ. ಇಂವ ಸೋತ್ರ ಶಾಣ್ಯಾ ಅಲ್ಲ ಅಂತಾರ, ಆಗೂ ಲಗ್ನ ಇಲ್ಲ. ಜರಾ ತಪ್ಪು ಉತ್ತರ ಕೊಡು, ಅಪ್ಪನ ಉತ್ತರದ ಹತ್ತಿರ ಇರ್ಲಿ ಅಂದೆ. ಕೇಳವಲ್ಲ!"

"ಏನಂದ?"

"ನೀ ಕೂಡೋ ಟೊಂಗಿ ಅದು, ಸುಳ್ಳು ಲೆಕ್ಕ ಹ್ಯಾಂಗ ಕೊಡ್ಲಿ ಅಂದ."

ಹುಡುಗ ಆ ಗಳಿಗೆಯಲ್ಲಿಯೇ ನನ್ನ ಮತವನ್ನು ಗೆದ್ದ. ಆದರೆ ನನ್ನ ಮತಕ್ಕೆ ಆ ಮನೆಯಲ್ಲಿ ಬೆಲೆ ಎಲ್ಲಿದೆ!

ಸಂಜೆಗೆ ಓಣಿಯ ಹೆಂಗಸರೆಲ್ಲ ಹಿತ್ತಲಲ್ಲಿ ನೆರೆದರು. ಟೊಂಗೆಯ ಪಕ್ಕದಲ್ಲಿ ನಿಲ್ಲಿಸಿದ ಬಿದಿರಿನ ಗಳುವಿನ ಮೇಲೆ, ಟೊಂಗೆ ಇಲ್ಲಿಯವರೆಗೆ ಬಾಗುತ್ತದೆಂದು ಸುಣ್ಣದ ಎರಡು ಗುರುತು. ಮೇಲಿನದು ಹುಡುಗನದು, ಬಹಳ ಕೆಳಗಿನದು ಭಾವನವರದು. ಅಕ್ಕನ ಮಗಳ ತೂಕಕ್ಕೆ ಸರಿಯಾಗಿ ಜೋಳದ ಚೀಲ ಕಟ್ಟಿ ಜೋಕಾಲಿಯ ಹಲಗೆಯ ಮೇಲೆ ಇಳಿಸಿದರು. ಟೊಂಗೆ ಕಿರುಗುಟ್ಟಿತು, ಬಾಗಿತು, ಹುಡುಗನ ಗುರುತಿನಿಂದ ಬೆರಳಗಲದ ಅಂತರದಲ್ಲಿ ನಿಂತಿತು. ಭಾವನವರ ಗುರುತು ಪಾತಾಳದಲ್ಲಿಯೇ ಉಳಿಯಿತು!

"ಯಕ್ಕಾ, ಮಾಸ್ತರ್ ಫೇಲಾದ್ರು!" ಎಂದು ಯಾರೋ ಕಿಸಕ್ಕೆಂದರು. ಅಕ್ಕನ ಮಗಳು ಮುಖ ಮುಚ್ಚಿಕೊಂಡಳು. ಹಿಗ್ಗಬೇಕಾದ ಹುಡುಗನೋ ಗಳುವನ್ನೇ ನೋಡುತ್ತ ನಿಂತಿದ್ದ.

"ಸರ್, ಇದು ಖರೇ ಇರ್ಲಿಕ್ಕಿಲ್ಲ" ಎಂದ. "ಒಂದೇ ದಪ್ಪ ಅಂತ ಹಿಡಿದ್ರ ಜರಾ ಫರಕ್ ಬರ್ತದ. ಇಷ್ಟು ಬರೂದಿಲ್ಲ. ನಿಮ್ಮ ಸೂತ್ರ ಇಷ್ಟು ತಪ್ಪೂದಿಲ್ರಿ. ವಜನ್ ಎಷ್ಟು ಹಿಡಿದೀರಿ?"

ಭಾವನವರು ಮರದ ಕಡೆ ಮುಖ ತಿರುಗಿಸಿದರು.

"ಇಬ್ಬರದು."

"ಯಾರಿಬ್ಬರದ್ರಿ?" ಎಂದಳು ಅಕ್ಕ.

"ಯಾರದಂದ್ರ? ಬರೋ ಪಂಚಮಿಗಿ ಈಕಿ ತವರಿಗಿ ಬರೂದಿಲ್ಲೇನು? ಬಂದ್ರ ಒಬ್ಬಾಕೀನೇ ಬರ್ತಾಳೇನು? ಇವನೂ ಏರ್ತಾನಲ್ಲ ಜೋಕಾಲಿ! ಟೊಂಗಿ ತಡೀಬೇಕೋ ಬ್ಯಾಡೋ?"

ಲಗ್ನವಾಗದ ಗಂಡುಹೆಣ್ಣನ್ನು ಒಂದೇ ಜೋಕಾಲಿಯ ಮೇಲೆ ಕಲ್ಪಿಸಿಕೊಳ್ಳುವ ತಂದೆ ನಮ್ಮ ಔರಾದದಲ್ಲಿ ಹುಟ್ಟಿಲ್ಲ. ಅಂದರೆ ಸೂತ್ರ ಬರೆಯುವ ಮೊದಲೇ ಭಾವನವರು ಒಂದು ವಿಷಯವನ್ನು "ಭಾವಿಸಿ" ಮುಗಿಸಿದ್ದರು!

ಹುಡುಗನ ಕಿವಿ ಕೆಂಪಾದವು. ಆದರೂ ಶಾಸ್ತ್ರ ಬಿಡುವ ಜಾತಿಯಲ್ಲ. ಬೆರಳಲ್ಲೇ ಗುಣಿಸಿ, ತೊದಲುತ್ತ, "ಇಬ್ಬರದು ಹಿಡಿದ್ರೂ... ಇನ್ನಾ ಜರಾ ಉಳೀತದ್ರಿ ಸರ್" ಎಂದ.

"ಉಳೀತದ! ಅದರ ಮುಂದಿನ ಪಂಚಮಿಗೂ ನೀವಿಬ್ಬರೇ ಇರ್ತೀರೇನೋ ಹುಚ್ಚಾ? ತೊಡಿ ಮ್ಯಾಲ ಒಂದು ಇರೂದಿಲ್ಲೇನು?"

ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಅಕ್ಕ, "ಇದನ್ನ ಒಂದ್ ಮಾತಿನಾಗ ಹೇಳಿದ್ರ ನಿಮ್ಮ ಗಂಟೇನ್ ಹೋಗ್ತಿತ್ತರಿ? ಹುಡುಗಿ ಉಪಾಸ ಬಿದ್ದಾಳ!" ಎಂದು ಬೈಯುತ್ತ ಕಣ್ಣೊರೆಸಿಕೊಂಡಳು. ಅಕ್ಕನ ಮಗಳು ಬಾಗಿಲ ಹಿಂದೆ ಮರೆಯಾದಳು.

ಭಾವನವರು ಯಾರ ಮಾತಿಗೂ ಕಿವಿಗೊಡದೆ ಜೋಳದ ಚೀಲವನ್ನು ತಾವೇ ಇಳಿಸಿದರು. ಹಗ್ಗದ ಗಂಟನ್ನು ಜಗ್ಗಿ ನೋಡಿದರು. ಇನ್ನೊಂದು ಗಂಟನ್ನೂ ಜಗ್ಗಿದರು. ಹೆಗಲ ಮೇಲಿನ ಟವೆಲ್ಲಿನಿಂದ ಹಲಗೆಯನ್ನು ಒರೆಸಿದರು. ಆಮೇಲೆ ಬಾಗಿಲ ಕಡೆ ತಿರುಗಿ, ಎಂದೂ ಇಲ್ಲದ ಮೆತ್ತನೆಯ ದನಿಯಲ್ಲಿ ಕರೆದರು:

"ಬಾರವ್ವಾ, ಕೂಡು ಬಾ. ನಾ ತೂಗ್ತೇನಿ. ಇದೊಂದು ಪಂಚಮಿ ಇನ್ನಾ ನೀ ಈ ಮನಿಯಾಕಿ ಇದ್ದಿ."