ಅಕ್ಕನ ಲ್ಯಾಪ್‌ಟಾಪಿಗೆ ನಾನು ಕೊಟ್ಟ ವೇಗ

ಕೇಳಿ, ಮೊದಲೇ ಹೇಳಿಬಿಡುತ್ತೇನೆ: ನಮ್ಮ ಮನೆಯಲ್ಲಿ ಕಂಪ್ಯೂಟರ್ ತಜ್ಞ ಎಂದು ಯಾರಾದರೂ ಇದ್ದರೆ ಅದು ನಾನೇ! ಈ ಪಟ್ಟ ಯಾರೂ ಕಟ್ಟಿದ್ದಲ್ಲ, ನಾನೇ ಕಟ್ಟಿಕೊಂಡದ್ದು. ಕಳೆದ ಭಾನುವಾರ ಮಧ್ಯಾಹ್ನ ಆ ಪಟ್ಟಕ್ಕೆ ತಕ್ಕಂತೆ ಒಂದು ಪ್ರತಿಜ್ಞೆಯನ್ನೂ ಮಾಡಿದೆ. ಅಕ್ಕನ ಆಮೆಯಂಥ ಲ್ಯಾಪ್‌ಟಾಪನ್ನು ಇವತ್ತು ಕುದುರೆ ಮಾಡಿಯೇ ತೀರುತ್ತೇನೆ!

ಅಕ್ಕ ಕಣ್ಣು ಕಾಣದ ಮಕ್ಕಳಿಗಾಗಿ ಪಾಠಗಳನ್ನು ಓದಿ ರೆಕಾರ್ಡ್ ಮಾಡುತ್ತಾಳೆ. ಅವತ್ತು ಹೃದಯದ ಪಾಠ ನಾಲ್ಕು ಗಂಟೆಯೊಳಗೆ ಶಾಲೆ ತಲುಪಬೇಕಿತ್ತು. ಮರುದಿನ ಬೆಳಿಗ್ಗೆಯೇ ಮಕ್ಕಳಿಗೆ ಪರೀಕ್ಷೆ. ಅಕ್ಕ ಸ್ನಾನಕ್ಕೆ ಹೋದದ್ದೇ ತಡ, ನಾನು ಲ್ಯಾಪ್‌ಟಾಪ್ ಮುಂದೆ ಕೂತೆ.

ನೋಡುತ್ತೇನೆ, ಸೆಕೆಂಡಿಗೆ ಮುನ್ನೂರ ಅರವತ್ತು ಕೋಟಿ ಸಲ ಮಿಡಿಯಬಲ್ಲ ಪ್ರೊಸೆಸರ್ ಎಂಬತ್ತು ಕೋಟಿಗೇ ಕಾಲು ಚಾಚಿ ಕೂತಿದೆ! ಗರಿಷ್ಠ ಮಿತಿಯನ್ನು ಮುನ್ನೂರ ಅರವತ್ತಕ್ಕೆ ಏರಿಸಿದೆ. ಒಳಗಿನ ಆಡಳಿತವನ್ನೆಲ್ಲ ನೋಡಿಕೊಳ್ಳುವ ಯಜಮಾನ, ಕರ್ನಲ್ ಅಂತಾರಲ್ಲ, ಅದು ನನ್ನ ಮಾತನ್ನು ವಿನಯದಿಂದ ಬರೆದುಕೊಂಡಿತು. ವೇಗ ಮಾತ್ರ ಅದೇ ಎಂಬತ್ತು!

ಕೆದಕಿದೆ. 'ಉಶ್' ಎಂಬ ಹೆಸರಿನ ಪುಟಾಣಿ ಪ್ರೋಗ್ರಾಂ ಸಿಕ್ಕಿತು. ನನಗಿಂತ ಮೊದಲೇ ಹೋಗಿ, ಎಂಬತ್ತು ದಾಟಕೂಡದೆಂದು ಕರ್ನಲ್ ಕೈಗೆ ಚೀಟಿ ಕೊಟ್ಟು ಬಂದಿತ್ತು. ವೈರಸ್ಸೇ ಇರಬೇಕು! ಅಳಿಸಿ ಬಿಸಾಡಿದೆ. ಅಷ್ಟಕ್ಕೇ ಬಿಡುವ ಕುಳವೇ ನಾನು? ಕನಿಷ್ಠ ಮಿತಿಯನ್ನೂ ಮುನ್ನೂರ ಅರವತ್ತಕ್ಕೇ ಏರಿಸಿದೆ. ಕೆಲಸ ಇರಲಿ, ಇಲ್ಲದಿರಲಿ, ಓಡ್ತಾನೇ ಇರು ಮಗನೇ!

ಅಕ್ಕ ಸ್ನಾನ ಮುಗಿಸಿ, ಲ್ಯಾಪ್‌ಟಾಪ್ ಎತ್ತಿಕೊಂಡು ತನ್ನ ಕೋಣೆ ಸೇರಿದಳು. ಸದ್ದು ನುಂಗಲೆಂದು ಗೋಡೆಗೆಲ್ಲ ಕಂಬಳಿ ಇಳಿಬಿಟ್ಟ ಕೋಣೆ ಅದು. ಐದು ನಿಮಿಷವೂ ಆಗಿಲ್ಲ, ಒಳಗಿನಿಂದ ಕೂಗು.

"ಅಮ್ಮಾ, ಮಿಕ್ಸಿ ನಿಲ್ಸಮ್ಮ!"

"ಮಿಕ್ಸಿ ಹಾಕೇ ಇಲ್ವಲ್ಲೇ! ನಾನು ಬಟ್ಟೆ ಮಡಿಸ್ತಿದ್ದೀನಿ."

"ಮತ್ತೆ ಇದೇನು ಭರ್ರ್ ಅಂತ?"

ಅಪ್ಪ ಫ್ಯಾನ್ ಆರಿಸಿದರು. ಫ್ರಿಜ್ ಆರಿಸಿದರು. ಸದ್ದು ನಿಲ್ಲಲಿಲ್ಲ. ನಾನು ವೀರಾವೇಶದಿಂದ ಪಕ್ಕದ ಮನೆಗೆ ನುಗ್ಗಿ, ಬಡಗಿಯಣ್ಣನ ಗರಗಸದ ಮೆಷಿನ್ ನಿಲ್ಲಿಸುವಂತೆ ಮಾಡಿದೆ.

"ಮಕ್ಕಳ ಪಾಠ ಅಂದ್ಯಲ್ಲ, ಅದಕ್ಕೆ ನಿಲ್ಸಿದೀನಿ. ಈಗ ಸರಿಹೋಯ್ತಾ?" ಎನ್ನುತ್ತ ಪುಣ್ಯಾತ್ಮ ನನ್ನ ಹಿಂದೆಯೇ ಬಂದ.

ಎಲ್ಲಿ ಸರಿ? ಗಂಟೆ ಮೂರಾಗಿತ್ತು. ಕೊನೆಗೆ ಅಪ್ಪ ರೋಸಿಹೋಗಿ ಮೇನ್ ಸ್ವಿಚ್ಚನ್ನೇ ಇಳಿಸಿದರು. ಈಗ ಮನೆಯಲ್ಲಿ ಕರೆಂಟೇ ಇಲ್ಲ, ಸದ್ದು ಮಾತ್ರ ವಿಮಾನ ಏರುವ ಹಾಗೆ! ಬ್ಯಾಟರಿಯಲ್ಲಿ ಓಡುತ್ತಿದ್ದದ್ದು ಒಂದೇ ಒಂದು. ಎಲ್ಲರೂ ಲ್ಯಾಪ್‌ಟಾಪ್ ಕಡೆ ತಿರುಗಿದರು. ಅದರ ಫ್ಯಾನು ಪ್ರಾಣ ಹೋಗುವಂತೆ ತಿರುಗುತ್ತಿತ್ತು. ಆಮೇಲೆ, ಯಾರೂ ಹೇಳಿಕೊಡದಿದ್ದರೂ, ಎಲ್ಲರೂ ನನ್ನ ಕಡೆ ತಿರುಗಿದರು.

"ಏನೋ ಮಾಡಿದೆ, ರೇಡಿಯೋ?" ಅಂದಳು ಅಕ್ಕ. ನಾನು ಬಾಯಿ ಮುಚ್ಚುವುದಿಲ್ಲವೆಂದು ಮನೆಯವರಿಟ್ಟ ಹೆಸರು ಅದು.

"ವೇಗ ಜಾಸ್ತಿ ಮಾಡಿದೆ ಅಷ್ಟೇ ಅಕ್ಕ. 'ಉಶ್' ಅಂತ ಒಂದು ವೈರಸ್ ಇತ್ತು, ಅದನ್ನೂ ತೆಗೆದುಹಾಕಿದೆ..."

"ಅದು ನಾನು ಬರೆದಿದ್ದು ಕಣೋ!"

ನನ್ನ ತಜ್ಞಪಟ್ಟ ಅಲ್ಲೇ ಜಾರಿ ನೆಲಕ್ಕೆ ಬಿತ್ತು.

"ಎಂಬತ್ತು ದಾಟದಿದ್ರೆ ಇದು ಬಿಸಿ ಆಗಲ್ಲ, ಫ್ಯಾನ್ ತಿರುಗಲ್ಲ. ಮೈಕಿಗೆ ನನ್ನ ದನಿ ಬಿಟ್ಟು ಬೇರೇನೂ ಕೇಳ್ಬಾರ್ದು ಅಂತ ಎರಡು ವಾರ ಕೂತು ಕಲಿತು ಬರೆದಿದ್ದೆ. ಸರಿ ಆ ಕಡೆ!"

"ಆದ್ರೆ ಅಳಿಸಿಬಿಟ್ಟೆನಲ್ಲಕ್ಕ..." ನನ್ನ ದನಿ ನನಗೇ ಕೇಳಿಸಲಿಲ್ಲ.

"ನೀನಿರೋ ಮನೇಲಿ ಇನ್ನೊಂದು ಕಾಪಿ ಇಟ್ಕೊಳ್ದೆ ಇರೋಕಾಗುತ್ತಾ?"

ಅವಳ ಬೆರಳು ಆಡುವುದನ್ನು ನೋಡಬೇಕಿತ್ತು ನೀವು! ಮೊದಲು ಕನಿಷ್ಠ ಮಿತಿ ಇಳಿಸಿದಳು, ಆಮೇಲೆ 'ಉಶ್' ಅನ್ನು ಮರಳಿ ಕೂರಿಸಿದಳು. ಭರ್ರ್ ಎನ್ನುತ್ತಿದ್ದದ್ದು ಗುಂಯ್ ಎಂದಿತು, ಗುಂಯ್ ಎನ್ನುತ್ತಿದ್ದದ್ದು ನಿಂತೇ ಹೋಯಿತು.

"ನಾನು ಏರಿಸಿದ ಗರಿಷ್ಠ ಮಿತಿ ಇನ್ನೂ ಹಾಗೇ ಇದೆಯಲ್ಲ?" ಬಾಯಿ ಸುಮ್ಮನಿರಬೇಕಲ್ಲ!

"ಇರ್ಲಿ ಬಿಡು. ಬಿಸಿ ಏರದ ಹಾಗೆ ನೋಡ್ಕೊಳ್ಳೋ ಪ್ರೋಗ್ರಾಂ ಒಂದು ಮಿತಿ ಹೇಳುತ್ತೆ, ನೀನೊಂದು ಹೇಳ್ತೀಯ, ನಾನೊಂದು. ಕರ್ನಲ್ ಯಾರ ಹತ್ರಾನೂ ಜಗಳಕ್ಕೆ ಹೋಗಲ್ಲ. ಗರಿಷ್ಠ ಅಂತ ಎಲ್ಲರೂ ಹೇಳಿದ್ರಲ್ಲಿ ಯಾವುದು ಕಡಿಮೆಯೋ ಅದನ್ನ ನಡೆಸುತ್ತೆ."

ಎಂಥ ಸಜ್ಜನ ಯಜಮಾನ! ಎಂಥ ಅಕ್ಕ!

ಕರೆಂಟಿಲ್ಲದ ಮನೆಯಲ್ಲಿ ನಾವು ನಾಲ್ವರೂ ಬಾಗಿಲಾಚೆ ಉಸಿರು ಬಿಗಿಹಿಡಿದು ಕೂತೆವು. "ನಿಮ್ಮ ಅಂಗೈಯನ್ನು ಎದೆಯ ಮೇಲಿಟ್ಟುಕೊಳ್ಳಿ," ಎಂದು ಅಕ್ಕ ಓದತೊಡಗಿದಳು. ಬಡಗಿಯಣ್ಣ ಇಟ್ಟುಕೊಂಡೇಬಿಟ್ಟ. ಅಮ್ಮನೂ ಇಟ್ಟುಕೊಂಡಳು. ನಾಲ್ಕಕ್ಕೆ ಎರಡೇ ನಿಮಿಷ ಇರುವಾಗ ಪಾಠ ಶಾಲೆ ಸೇರಿತು.

ಈ ಮಹಾಕಥೆಯನ್ನು ಊರಿಗೆಲ್ಲ ಹೇಳದಿದ್ದರೆ ನಾನು ರೇಡಿಯೋ ಹೇಗಾದೇನು? ಫೋನ್ ಬಾಯಿಗೆ ಹಿಡಿದೆ.

"ಹತ್ತು ನಿಮಿಷ. ಮೇಲೆ ಬೇಡ," ಅಂದರು ಅಪ್ಪ.

"ಐದು," ಅಂದಳು ಅಮ್ಮ.

"ಮೂರು ಸಾಕು ಕಣಪ್ಪ," ಅಂದ ಬಡಗಿಯಣ್ಣ.

ಅಕ್ಕ ತಿರುಗಿಯೂ ನೋಡದೆ ಒಂದು ಬೆರಳೆತ್ತಿದಳು.

"ಅನ್ಯಾಯ! ಹಾಗಾದ್ರೆ ನನಗೊಂದು ಕನಿಷ್ಠ ಮಿತೀನೂ ಬೇಕು!"

"ಅದು ಬೇರೆ ಕೊಡ್ಬೇಕೇನೋ?" ಅಂದಳು ಅಕ್ಕ. " ಕೆಲಸ ಇಲ್ದಿದ್ರೂ ಓಡ್ತಾನೇ ಇರೋದು ನಿನಗೆ ಹುಟ್ಟಿದಾಗಿಂದ ಇದೆ!"

ಉತ್ತರ ಕೊಡಲೆಂದು ಬಾಯಿ ತೆರೆದೆ. ನಾಲ್ಕೂ ಜನ ಒಟ್ಟಿಗೆ ಅಂದರು:

"ಉಶ್!"