ನೂರು ಸಲವೂ ಒಂದೇ ಉತ್ತರ ಕೊಟ್ಟ ಸಿಮ್ಯುಲೇಟರ್ ಮಹಾಶಯರಿಗೆ

ಮಾನ್ಯರೇ,

ತಂತಿಯಿಲ್ಲದ ಲೋಕದ ಸೃಷ್ಟಿಕರ್ತರೂ, ಅಲೆಗಳ ಅಧಿಪತಿಗಳೂ, ನಮ್ಮ ಕಚೇರಿಯ ಎರಡನೇ ಮಹಡಿಯಲ್ಲಿ ಕಿಟಕಿ ಪಕ್ಕದ ಕಂಪ್ಯೂಟರಿನ ಖಾಯಂ ನಿವಾಸಿಗಳೂ ಆದ ತಮಗೆ, ಅದೇ ಕಂಪ್ಯೂಟರಿನ ಮುಂದೆ ಮೂರು ವರ್ಷದಿಂದ ಬೆನ್ನು ಬಗ್ಗಿಸಿ ಕೂತಿರುವ ನೆಟ್‌ವರ್ಕ್ ಯೋಜಕಿಯ ಸಾವಿರ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮ ಫ್ಯಾನು ನಿನ್ನೆ ಸ್ವಲ್ಪ ಕೆಮ್ಮುತ್ತಿದ್ದುದರಿಂದ ನಾನೇ ಬ್ರಶ್ ಹಿಡಿದು ಧೂಳು ತೆಗೆದಿದ್ದೇನೆ. ದೂರು ಹೇಳುವ ಮೊದಲು ಉಪಚಾರ ಮಾಡಬೇಕೆಂದು ನಮ್ಮ ಮನೆಯ ಹಿರಿಯರು ಕಲಿಸಿದ್ದಾರೆ.

ಇದು ಬಹಿರಂಗ ಪತ್ರವಾದ್ದರಿಂದ ತಮ್ಮ ಪರಿಚಯವಿಲ್ಲದವರಿಗೆ ಎರಡು ಮಾತು ಹೇಳಬೇಕು. ಒಂದು ಕಟ್ಟಡದಲ್ಲಿ ವೈಫೈ ಪೆಟ್ಟಿಗೆಗಳನ್ನು ಗೋಡೆಗೆ ಹೊಡೆಯುವ ಮುನ್ನ, ಎಲ್ಲಿ ಹೊಡೆದರೆ ಸಿಗ್ನಲ್ ಎಲ್ಲಿಯವರೆಗೆ ಮುಟ್ಟುತ್ತದೆ ಎಂಬುದನ್ನು ತೆರೆಯ ಮೇಲೆ ಸುಳ್ಳುಸುಳ್ಳೇ ನಡೆಸಿ ತೋರಿಸುವ ಸಾಫ್ಟ್‌ವೇರ್ ತಾವು. ತಮ್ಮ ಲೋಕದ ಜನ ಹಸಿರು ಚುಕ್ಕೆಗಳು. ಅವರು ಒಂದು ಜಾಗ ಆರಿಸಿಕೊಂಡು ನೆಟ್ಟಗೆ ಅಲ್ಲಿಗೆ ನಡೆದು, ಸರಿಯಾಗಿ ಎರಡು ಸೆಕೆಂಡು ನಿಂತು, ಇನ್ನೊಂದು ಜಾಗಕ್ಕೆ ಹೊರಟುಬಿಡುತ್ತಾರೆ. ಮರೆತ ಛತ್ರಿಗಾಗಿ ಹಿಂದಿರುಗುವವರಿಲ್ಲ, ಬರ್ತೀನಿ ಬರ್ತೀನಿ ಎನ್ನುತ್ತ ಬಾಗಿಲಲ್ಲೇ ಅರ್ಧ ಗಂಟೆ ನಿಲ್ಲುವವರಿಲ್ಲ. ಅವರ ಬ್ಯಾಟರಿ ಮುಗಿಯುವುದಿಲ್ಲ. ಅಂಥ ಊರಿನಲ್ಲಿ ನನಗೂ ಒಂದು ಬಾಡಿಗೆ ಕೋಣೆ ಸಿಗುವಂತಿದ್ದರೆ ದಯವಿಟ್ಟು ತಿಳಿಸಬೇಕು. ಗೋಡೆಗಳಿರುವುದಿಲ್ಲ ಎಂಬ ಸಂಕೋಚ ಬೇಡ, ತಮ್ಮಲ್ಲಿ ಯಾವ ಕೋಣೆಗೂ ಗೋಡೆಯಿಲ್ಲವೆಂಬುದು ಈಗ ನನಗೆ ಚೆನ್ನಾಗಿ ಮನವರಿಕೆಯಾಗಿದೆ.

ವಿಷಯಕ್ಕೆ ಬರುತ್ತೇನೆ. ಒಂದು ಆಸ್ಪತ್ರೆಯ ನಾಲ್ಕನೇ ಮಹಡಿಯಲ್ಲಿ ಇಪ್ಪತ್ತೆಂಟು ಹಾಸಿಗೆಗಳಿವೆ. ರೋಗಿ ದಿಂಬಿನ ಪಕ್ಕದ ಗುಂಡಿ ಒತ್ತಿದರೆ ಸಿಸ್ಟರುಗಳ ಕೈಗೆ ಕಟ್ಟಿದ ಪಟ್ಟಿ ಗುಂಯ್ ಎನ್ನಬೇಕು, ಅದಕ್ಕೆ ವೈಫೈ ಜಾಲ ಬೇಕು, ಅದನ್ನು ಯೋಜಿಸುವ ಭಾಗ್ಯ ನನ್ನದು. ತಮ್ಮನ್ನು ಕೇಳಿದೆ. ನೂರು ಕರೆಯಲ್ಲಿ ತೊಂಬತ್ತೊಂಬತ್ತು ಮುಟ್ಟುತ್ತವೆ ಎಂದಿರಿ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂಬ ಗಾದೆಯನ್ನು ನೆನೆದು ಮತ್ತೆ ಕೇಳಿದೆ, ಮತ್ತೆ ತೊಂಬತ್ತೊಂಬತ್ತು. ಊಟಕ್ಕೂ ಏಳದೆ ನೂರು ಸಲ ಕೇಳಿದೆ, ನೂರಕ್ಕೆ ನೂರು ಸಲವೂ ತೊಂಬತ್ತೊಂಬತ್ತು. ನಮ್ಮ ಮ್ಯಾನೇಜರ್ ವರದಿಯ ಮುಖಪುಟದಲ್ಲಿ 'ನೂರು ಪರೀಕ್ಷೆ, ವ್ಯತ್ಯಾಸ ಸೊನ್ನೆ' ಎಂದು ದಪ್ಪಕ್ಷರದಲ್ಲಿ ಹಾಕಿಸಿ, ಆ ಸೊನ್ನೆಗೆ ಚಿನ್ನದ ಬಣ್ಣದ ಅಂಚನ್ನೂ ಕೊಡಿಸಿದರು.

ಪೆಟ್ಟಿಗೆ ಹೊಡೆಯಲು ಬಂದ ನಮ್ಮ ಏಣಿಯಣ್ಣ (ಇಪ್ಪತ್ತು ವರ್ಷದಿಂದ ಏಣಿಯ ಮೇಲೇ ಬದುಕಿದವರು, ನಿಜವಾದ ಹೆಸರಿನಿಂದ ಕರೆದರೆ ತಿರುಗಿಯೂ ನೋಡುವುದಿಲ್ಲ) ನಡುವಿನ ಗೋಡೆಯನ್ನು ಬೆರಳಿನಿಂದ ತಟ್ಟಿ, "ಮೇಡಂ, ಇದು ಎಕ್ಸ್‌ರೇ ರೂಮಿನ ಗೋಡೆ, ಒಳಗೆ ಸೀಸದ ಹಾಳೆ ಇರುತ್ತೆ, ಸಿಗ್ನಲ್ ಆಚೆ ಹೋಗಲ್ಲ" ಎಂದರು. ಏಣಿಯ ಮೇಲಿದ್ದವರಿಗೆ ನಾನು ಕೆಳಗಿನಿಂದ ಮುಗುಳ್ನಕ್ಕು, ನೂರು ಸಲ ನೋಡಿಯಾಗಿದೆ ಅಣ್ಣ ಎಂದೆ. ಆ ಮುಗುಳ್ನಗೆಯನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಜಾಲ ಶುರುವಾದ ವಾರಕ್ಕೆ ನಮ್ಮತ್ತೆಗೆ ಅದೇ ಮಹಡಿಯಲ್ಲಿ ಮಂಡಿಯ ಆಪರೇಷನ್ ಆಯಿತು. ಅವರು ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ತಂತಿಯಿದ್ದರೆ ಎಳೆದಾದರೂ ನೋಡಬಹುದು, ಇಲ್ಲದ್ದನ್ನು ಹೇಗೆ ನಂಬೋದು ಎಂಬುದು ಅವರ ವಾದ. ಹನ್ನೊಂದನೇ ಹಾಸಿಗೆಯಲ್ಲಿ ಅವರನ್ನು ಮಲಗಿಸಿ, ಗುಂಡಿಯನ್ನು ಕೈಗಿಟ್ಟು, ಇದು ನಿಮ್ಮ ಸೊಸೆಯ ಕೆಲಸ ಎಂದು ಬೀಗಿ ಹೊರಟೆ. ಮರುದಿನ ಬೆಳಿಗ್ಗೆ ಅವರಿಗೆ ಬಚ್ಚಲಿಗೆ ಹೋಗಬೇಕಾಯಿತು. ಒತ್ತಿದರು. ಸೊಸೆಯ ಮರ್ಯಾದೆಗೆಂದು ಇಪ್ಪತ್ತು ನಿಮಿಷ ಒತ್ತುತ್ತಲೇ ಇದ್ದರು. ಆಮೇಲೆ ಮರ್ಯಾದೆಯನ್ನು ಪಕ್ಕಕ್ಕಿಟ್ಟು, ಚಮಚ ತೆಗೆದು ಮಂಚದ ಕಂಬಿಗೆ ಬಡಿದರು. ನಾಲ್ಕನೇ ಮಹಡಿಯ ಮೂವರು ಸಿಸ್ಟರುಗಳಲ್ಲದೆ, ಮೂರನೇ ಮಹಡಿಯಿಂದ ಒಬ್ಬರು ಕಾಂಪೌಂಡರೂ ಓಡಿಬಂದರು. ತಾವು ಗಮನಿಸಬೇಕಾದ ಅಂಶವೆಂದರೆ, ಚಮಚದ ಜಾಲಕ್ಕೆ ಬ್ಯಾಟರಿ ಬೇಡ, ಪಾಸ್‌ವರ್ಡ್ ಬೇಡ, ಸೀಸದ ಗೋಡೆಯ ಭಯವಿಲ್ಲ, ಮತ್ತು ಅದನ್ನು ಯೋಜಿಸಲು ಯಾರೂ ಮೂರು ವರ್ಷ ಬೆನ್ನು ಬಗ್ಗಿಸಿ ಕೂತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಒಂಬತ್ತರಿಂದ ಹದಿನಾಲ್ಕರವರೆಗಿನ ಹಾಸಿಗೆಗಳು, ಹನ್ನೆರಡೊಂದನ್ನು ಬಿಟ್ಟು, ಈ ಜಾಲಕ್ಕೆ ಸೇರಿಕೊಂಡವು.

ಇಲ್ಲಿಯವರೆಗೆ ನಾನೂ ನಕ್ಕೆ. ಆದರೆ ಹನ್ನೆರಡನೇ ಹಾಸಿಗೆಯಲ್ಲಿ ಒಬ್ಬರು ಗಡಿಯಾರ ರಿಪೇರಿಯವರಿದ್ದರು. ಗಂಟಲಿನ ಆಪರೇಷನ್ ಆಗಿ ಮಾತಾಡುವಂತಿರಲಿಲ್ಲ, ಊಟ ಕೊಳವೆಯಲ್ಲಾದ್ದರಿಂದ ಬಡಿಯಲು ಚಮಚವೂ ಇರಲಿಲ್ಲ, ಕಫ ಕಟ್ಟಿದರೆ ಯಾರಾದರೂ ಬಂದು ತೆಗೆಯಬೇಕಿತ್ತು, ಕರೆಯಲು ಅವರಿಗಿದ್ದದ್ದು ಆ ಗುಂಡಿಯೊಂದೇ. ಎರಡು ದಿನ ಅವರು ಒತ್ತಿದ್ದಕ್ಕೆ ಯಾರೂ ಬಾರದಿದ್ದಾಗಲೆಲ್ಲ ಪಕ್ಕದ ಹಾಸಿಗೆಯಿಂದ ನಮ್ಮತ್ತೆ ಚಮಚ ಬಡಿದಿದ್ದಾರೆ. ನಾನು ಹೋದಾಗ ಆ ರಿಪೇರಿಯವರು ನನ್ನ ಕೈಗೊಂದು ಚೀಟಿಯಿಟ್ಟರು. ವೃತ್ತಿಯ ಅಭ್ಯಾಸ ಬಿಡಲಾರದೆ ಪ್ರತಿ ಒತ್ತನ್ನೂ ಗಂಟೆ, ನಿಮಿಷ, ಸೆಕೆಂಡಿನ ಸಮೇತ ಬರೆದಿಟ್ಟಿದ್ದರು. ಒತ್ತಿದ್ದು ಐವತ್ಮೂರು, ಬಂದದ್ದು ಹತ್ತೊಂಬತ್ತು. ತಮ್ಮ ನೂರು ಪರೀಕ್ಷೆಗಳಿಗಿಂತ ಆ ಒಂದು ಚೀಟಿಯಲ್ಲಿ ಹೆಚ್ಚು ವಿಜ್ಞಾನವಿತ್ತು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ನಮ್ಮತ್ತೆ ನಿದ್ದೆ ಹೋಗಿದ್ದರೆ ಏನಾಗುತ್ತಿತ್ತು ಎಂದು ಯೋಚಿಸುತ್ತ ಮೆಟ್ಟಿಲ ಮೇಲೆ ತುಂಬ ಹೊತ್ತು ಕೂತಿದ್ದೆ. ಹಿರಿಯ ಸಿಸ್ಟರ್ ಅಲ್ಲಿಗೇ ಬಂದು, "ಶುಕ್ರವಾರ ನಾಲ್ಕು ಗಂಟೆವರೆಗೆ ಟೈಮ್ ಕೊಡ್ತೀನಿ, ಅಷ್ಟರಲ್ಲಿ ಸರಿ ಹೋಗದಿದ್ರೆ ನಿಮ್ಮ ಪೆಟ್ಟಿಗೆನೆಲ್ಲ ಬಿಚ್ಚಿಸಿ, ಒಬ್ಬೊಬ್ಬರ ಕೈಗೂ ಒಂದೊಂದು ಹಿತ್ತಾಳೆ ಗಂಟೆ ಕೊಡ್ತೀನಿ" ಎಂದರು.

ಕಚೇರಿಗೆ ಓಡಿಬಂದು ತಮ್ಮ ಸೆಟ್ಟಿಂಗುಗಳನ್ನು ಒಂದೊಂದಾಗಿ ತೆರೆದೆ. ಗೋಡೆಗಳ ಪುಟ ಖಾಲಿಯಿತ್ತು, ತುಂಬಬೇಕಾಗಿದ್ದವಳು ನಾನು. ಅದರ ಕೆಳಗೆ 'ಸೀಡ್' ಎಂಬ ಪುಟ್ಟ ಚೌಕವಿತ್ತು. ತಮ್ಮ ಹೊಟ್ಟೆಯೊಳಗಿನ ದಾಳವನ್ನು ಎಲ್ಲಿಂದ ಉರುಳಿಸಬೇಕೆಂದು ಹೇಳುವ ಅಂಕಿ ಅದು. ಅದನ್ನು ಪ್ರತಿ ಸಲವೂ ಬದಲಿಸಿದರೆ ಪ್ರತಿ ಸಲವೂ ಬೇರೆ ಆಟ, ಬದಲಿಸದಿದ್ದರೆ ಅದೇ ಚುಕ್ಕೆಗಳು ಅದೇ ದಾರಿಯಲ್ಲಿ ನಡೆದು ಅದೇ ಎರಡು ಸೆಕೆಂಡು ನಿಲ್ಲುತ್ತವೆ. ಚೌಕದಲ್ಲಿ 'ಒಂದು' ಎಂದಿತ್ತು. ನೂರು ಸಲವೂ 'ಒಂದು' ಎಂದೇ ಇತ್ತು. ಚಿನ್ನದಂಚಿನ ಸೊನ್ನೆಯ ಗುಟ್ಟು ಇಷ್ಟೇ. ಸಂಜೆ ನಮ್ಮತ್ತೆಗೆ ವಿವರಿಸಿದಾಗ ಅವರು ಹೊಟ್ಟೆ ಹಿಡಿದುಕೊಂಡು ನಕ್ಕು, "ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಅಂತಾರಲ್ಲ, ಅವನೇ ಇವನು. ಒಬ್ಬನನ್ನೇ ನೂರು ಸಲ ಕೇಳಿ, ನೂರು ಜನ ಒಪ್ಪಿದ್ರು ಅಂತ ಬರೆದುಕೊಟ್ಟಿದ್ದೀಯಲ್ಲಮ್ಮ" ಎಂದರು.

ಅಂಕಿ ಬದಲಿಸುತ್ತ ಹೋದಂತೆ ತಾವು ಎಂಬತ್ತೆಂದಿರಿ, ಎಪ್ಪತ್ತೆಂದಿರಿ, ಗೋಡೆ ಬರೆದ ಮೇಲಂತೂ ನಲವತ್ತಕ್ಕೇ ಇಳಿದಿರಿ. ಅಂದರೆ ತಮಗೆಲ್ಲ ಗೊತ್ತಿತ್ತು, ಕೇಳುವವರಿಗಾಗಿ ಸಭ್ಯವಾಗಿ ಕಾದಿದ್ದಿರಿ. ಇಂಥ ಸಂಯಮವನ್ನು ನಾನು ಮನುಷ್ಯರಲ್ಲಿ ಕಂಡಿಲ್ಲ. ನಮ್ಮ ಮ್ಯಾನೇಜರ್ ಮಾತ್ರ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಪಂಗಡದವರು. ಪೆಟ್ಟಿಗೆಯ ದೋಷವೆಂದು ಬರೆದು ಕೈತೊಳೆದುಕೊಳ್ಳೋಣ ಎಂದರು. ಆದರೆ ಆ ಚೀಟಿ ನನ್ನ ಜೇಬಿನಲ್ಲಿತ್ತು. ನಾನೇ ಹೋಗಿ ಹಿರಿಯ ಸಿಸ್ಟರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಬೈಯುತ್ತಾರೆಂದುಕೊಂಡಿದ್ದೆ, "ಒಂದು ಗಾಲಿಕುರ್ಚಿ ಕೊಡ್ತೀನಿ, ನಡೀರಿ" ಎಂದರು.

ಆಮೇಲಿನ ಎರಡು ದಿನದ ವೈಭವವನ್ನು ತಾವು ನೋಡಬೇಕಿತ್ತು. ಗಾಲಿಕುರ್ಚಿಯಲ್ಲಿ ನಮ್ಮತ್ತೆ, ಅವರ ಕೈಯಲ್ಲಿ ಗುಂಡಿ, ಹಿಂದೆ ತಳ್ಳುವವಳು ನಾನು, ಮುಂದೆ ಏಣಿ ಹೊತ್ತ ಏಣಿಯಣ್ಣ. ಅಡಿಗಡಿಗೂ ಒತ್ತುತ್ತ, ಹಳೆಯ ಎಕ್ಸ್‌ಚೇಂಜಿನ ಅದೇ ಗತ್ತಿನಲ್ಲಿ, "ಇಲ್ಲಿ ಲೈನ್ ಇಲ್ಲ, ಇಲ್ಲಿ ಇದೆ, ಇಲ್ಲಿ ಬ್ಯುಸಿ ಇದೆ, ಆಮೇಲೆ ಪ್ರಯತ್ನಿಸಿ" ಎಂದು ಅವರು ಘೋಷಿಸುತ್ತಿದ್ದರೆ, ರೋಗಿಗಳು ಹಾಸಿಗೆಯಿಂದಲೇ ಚಮಚ ಬಡಿದು ಹುರಿದುಂಬಿಸಿದರು. ಎರಡು ಪೆಟ್ಟಿಗೆಗಳು ಜಾಗ ಬದಲಿಸಿದವು, ಸೀಸದ ಗೋಡೆಯ ಆಚೆಗೆ ಹೊಸದೊಂದು ಬಂತು. ಏಣಿಯಣ್ಣ ಮೇಲಿನಿಂದ ನನ್ನತ್ತ ನೋಡಿ ಮುಗುಳ್ನಕ್ಕರು; ಸಾಲ ತೀರಿತು ಎಂದುಕೊಂಡೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಬೇಡಿಕೆಗಳಿವು. ಮುಂದಿನ ಆವೃತ್ತಿಯಲ್ಲಿ ದಯವಿಟ್ಟು ಒಬ್ಬ ಅತ್ತೆಯನ್ನು ಸೇರಿಸಬೇಕು. ಅವರು ನೆಟ್ಟಗೆ ನಡೆಯಬಾರದು, ಎರಡು ಸೆಕೆಂಡಿಗೆ ಹೊರಡಬಾರದು, ಪಕ್ಕದ ಹಾಸಿಗೆಯವರ ಸಂಕಟಕ್ಕೆ ಎಚ್ಚರವಾಗುವಂತಿರಬೇಕು. ಯಾರಾದರೂ ಒಂದೇ ಪ್ರಶ್ನೆಯನ್ನು ಒಂದೇ ಸೀಡಿನಲ್ಲಿ ಎರಡನೇ ಸಲ ಕೇಳಿದರೆ ತಾವು ಗಂಟಲು ಸರಿಮಾಡಿಕೊಳ್ಳಬೇಕು, ಮೂರನೇ ಸಲಕ್ಕೆ ಚಮಚ ಬಡಿಯಬೇಕು. ಸಾಧ್ಯವಾದರೆ ಮ್ಯಾನೇಜರುಗಳಿಗಾಗಿ ಪ್ರತ್ಯೇಕ ಸೀಡ್ ಇರಲಿ.

ಶುಕ್ರವಾರ ನಾಲ್ಕು ಗಂಟೆಗೆ ಹಿರಿಯ ಸಿಸ್ಟರ್ ಮಹಡಿಯ ಇನ್ನೊಂದು ತುದಿಯಲ್ಲಿ ಕೈಕಟ್ಟಿ ನಿಂತರು. ಗಡಿಯಾರ ರಿಪೇರಿಯವರು ತಮ್ಮ ಗಡಿಯಾರ ನೋಡಿಕೊಂಡು ಒತ್ತಿದರು. ಪಟ್ಟಿ ಗುಂಯ್ ಎಂದಿತು, ಸಿಸ್ಟರ್ ಬಂದರು, ಹಿಂದಿರುಗಿದರು. ಮತ್ತೆ ಗುಂಯ್ ಎಂದಿತು, ಮತ್ತೆ ಬಂದರು. ಹೀಗೆ ಎಂಟು ಸಲವಾದ ಮೇಲೆ ರಿಪೇರಿಯವರು ಬರೆದುಕೊಟ್ಟ ಚೀಟಿಯನ್ನು ತಮ್ಮ ತೆರೆಯ ಮೂಲೆಗೆ ಅಂಟಿಸಿದ್ದೇನೆ, ಇನ್ನು ಮೇಲೆ ಅದನ್ನು ನೋಡದೆ ತಾವಾಗಲಿ ನಾನಾಗಲಿ ಕೆಲಸ ಶುರು ಮಾಡುವಂತಿಲ್ಲ. ಅದರಲ್ಲಿ ಹೀಗಿದೆ: "ಒತ್ತಿದ್ದು ಎಂಟು, ಬಂದದ್ದು ಎಂಟು. ಸಿಸ್ಟರ್ ಕ್ಷಮಿಸಬೇಕು, ಏಳು ಸಲ ಸುಮ್ಮನೆ ಖುಷಿಗೆ ಒತ್ತಿದೆ."

ತಮ್ಮ ಫ್ಯಾನಿಗೆ ದೀರ್ಘಾಯುಷ್ಯವನ್ನೂ, ತಮ್ಮ ಚುಕ್ಕೆಗಳಿಗೆ ಆಗಾಗ ದಾರಿ ತಪ್ಪುವ ಸುಖವನ್ನೂ ಹಾರೈಸುತ್ತ,

ತಮ್ಮ ವಿಶ್ವಾಸಿ (ವಿಶ್ವಾಸದ ಪ್ರಮಾಣ ಸೀಡನ್ನು ಅವಲಂಬಿಸಿದೆ),
ಕಿಟಕಿ ಪಕ್ಕದ ನೆಟ್‌ವರ್ಕ್ ಯೋಜಕಿ

ಮರೆತ ಮಾತು: ಈ ಪತ್ರದ ನೂರು ಪ್ರತಿಗಳನ್ನು ತಮಗೆ ಕಳುಹಿಸುತ್ತಿದ್ದೇನೆ. ಒಂದಕ್ಷರದ ವ್ಯತ್ಯಾಸವೂ ಇಲ್ಲ. ನೂರು ಜನ ದೂರು ಕೊಟ್ಟಿದ್ದಾರೆಂದೇ ದಾಖಲಿಸಿಕೊಳ್ಳಿ. ಸೊನ್ನೆಗೆ ಚಿನ್ನದ ಅಂಚು ನಮ್ಮ ಮ್ಯಾನೇಜರ್ ಕೊಡಿಸುತ್ತಾರೆ.