ಗುಮಾಸ್ತ ನರಸಣ್ಣನ ಎಡಸುತ್ತು

ಬಿಳಿಯರ ಕುಣಿತದ ಬಗ್ಗೆ ಬರೆಯಲು ನಾನು ಯಾರು? ಅದನ್ನು ಒಮ್ಮೆಯೂ ಕಂಡವನಲ್ಲ. ಕೇಳಿದ್ದನ್ನಷ್ಟೇ ಹೇಳುತ್ತಿದ್ದೇನೆ, ತಪ್ಪಿದ್ದರೆ ತಿಳಿದವರು ಮನ್ನಿಸಬೇಕು.

ನಿಜಾಮರ ಕಾಲ. ಲಿಂಗಸೂಗೂರಿನ ಬಂಗಲೆಯಲ್ಲಿದ್ದ ಇಂಗ್ಲಿಷ್ ಸಾಹೇಬನಿಗೆ ಸಿಕಂದರಾಬಾದಿಗೆ ವರ್ಗವಾಗಿತ್ತು. ಅಲ್ಲಿ ಅವನು ಮದುವೆಯಾಗಲಿರುವ ಹುಡುಗಿಯ ಜೊತೆ, ಸೊಂಟ ಹಿಡಿದು ಎಡಕ್ಕೂ ಬಲಕ್ಕೂ ಸುತ್ತುವ ವಾಲ್ಟ್ಸ್ ಎಂಬ ಜೋಡಿಕುಣಿತ ಕುಣಿಯಬೇಕು. ಲಿಂಗಸೂಗೂರಿಗೆ ಮೇಮ್‌ಸಾಹೇಬರು ಎಲ್ಲಿಂದ ಬರಬೇಕು? ಗ್ರಾಮಫೋನ್ ಹಚ್ಚಿ, ಅಡುಗೆಯಾಳು ಶಾವಲಿಯನ್ನೇ ಹೆಣ್ಣಿನ ಜಾಗದಲ್ಲಿ ನಿಲ್ಲಿಸಿ ತಿಂಗಳಿಂದ ಅಭ್ಯಾಸ ನಡೆಸಿದ್ದ. ಹೋಗುವಾಗ ಒಬ್ಬನನ್ನು ಖಾಯಂ ನೌಕರಿಗೆ ಕರೆದೊಯ್ಯುವೆನೆಂದೂ ಹೇಳಿದ್ದ.

ಕಿಟಕಿಯಾಚೆ ನಿಂತು ಹೆಜ್ಜೆಹೆಜ್ಜೆಯನ್ನೂ ನೋಡುತ್ತಿದ್ದ ಗುಮಾಸ್ತ ನರಸಣ್ಣನ ಹೊಟ್ಟೆ, ಒಗ್ಗರಣೆಯ ಸಾಸಿವೆಯಂತೆ ಸಿಡಿಯುತ್ತಿತ್ತು.

"ಹನ್ನೆರಡು ವರ್ಷ ಕಾಗದ ಬರದೀನಿ, ಸಾಹೇಬ ನನ್ನ ಭುಜಾನೂ ಮುಟ್ಟಿಲ್ಲ. ಅಡಿಗಿ ಮಾಡಾಂವನ ಸೊಂಟಕ್ಕ ಕೈ ಹಾಕ್ತಾನ," ಎಂದು ಮನೆಗೆ ಬಂದು ಗೊಣಗಿದ.

"ಸೊಂಟ ಹಿಡಿಸಿಕೊಳ್ಳಾಕ ಹೊಟ್ಟಿಕಿಚ್ಚೇನ್ರಿ ನಿಮಗ?" ಎಂದಳು ಹೆಂಡತಿ ಯಂಕಮ್ಮ.

ಸಾಹೇಬ ಹೊರಡುವ ದಿನ ಬಂತು. ನರಸಣ್ಣ ಬೆಳಿಗ್ಗೆಯೇ ಜೋಳದ ಚೀಲವನ್ನೇ ಸಾಹೇಬನೆಂದು ಅಪ್ಪಿಕೊಂಡು ಅಂಗಳಕ್ಕಿಳಿದ. ಬಲಸುತ್ತು ಸಲೀಸು. ಎಡಸುತ್ತಿಗೆ ಮಾತ್ರ ಕಾಲು ಒಪ್ಪಲಿಲ್ಲ: ಮೊಹರಮ್ಮಿನಲ್ಲಿ ಅಲಾಯಿಯ ಬೆಂಕಿಗುಂಡಿಯ ಸುತ್ತ ಅವು ವರ್ಷವರ್ಷವೂ ಒಂದೇ ದಿಕ್ಕಿಗೆ ಕುಣಿದ ಕಾಲುಗಳು. ಹಟ ಹಿಡಿದು ತಿರುಗಿದ. ಚೀಲ ಮೇಲೆ, ತಾನು ಕೆಳಗೆ.

ಗೋಡೆಯಾಚೆಯಿಂದ ನೆರೆಮನೆಯ ದಾವಲ್‌ಬೀ ಇಣುಕಿದಳು. "ಯಂಕವ್ವ, ನಿನ್ನ ಗಂಡಗ ಗಾಳಿ ಬಡದೈತಿ. ದರ್ಗಾಕ್ಕ ಕರಕೊಂಡ್ ಹೋಗ್."

"ಗಾಳಿ ಅಲ್ಲಬೇ, ಶಾವಲಿ ಬಡದಾನ."

ಮಧ್ಯಾಹ್ನದ ಹೊತ್ತಿಗೆ ಎರಡು ಮಡಕೆ ಒಡೆದವು, ಎಡಸುತ್ತು ಕೈಗೂಡಿತು.

ಸಂಜೆ ಕಡೆಯ ಅಭ್ಯಾಸ. ಮೊದಲ ಎಡಸುತ್ತಿಗೇ ಶಾವಲಿ ಎಡವಿದ. ಎರಡನೆಯದಕ್ಕೆ ಸಾಹೇಬನ ಕಾಲು ತುಳಿದ. ಮೂರನೆಯದಕ್ಕೆ ನೆಲಕ್ಕೆ ಕೂತ.

"ಹುಜೂರ್, ನಾ ಅದೀನ್ರಿ," ಎಂದು ನರಸಣ್ಣ ಒಳಗೆ ನುಗ್ಗಿದ.

ಬಲಕ್ಕೆ ತಿರುಗಿದ, ಎಡಕ್ಕೆ ತಿರುಗಿದ, ಸಾಹೇಬನ ಎತ್ತಿದ ಕೈಯಡಿ ಬುಗುರಿಯಾದ. ಮೊದಲು ಚಪ್ಪಾಳೆ ತಟ್ಟಿದವನು ಕೆಳಗೆ ಕೂತಿದ್ದ ಶಾವಲಿಯೇ.

"ಶಾಬಾಸ್," ಎಂದ ಸಾಹೇಬ. "ನನ್ನ ಜಾಗಕ್ಕೆ ಬರೋ ಸಾಹೇಬರಿಗೆ ಕುಣಿಯೋಕೆ ಬರೋದಿಲ್ಲ. ನೀನು ಇಲ್ಲೇ ಇದ್ದು ಅವರಿಗೆ ಕಲಿಸು. ಶಾವಲಿಗೆ ಇನ್ನೂ ಅಭ್ಯಾಸ ಬೇಕು, ಅವನು ನನ್ನ ಜೊತೆ ಬರಲಿ."

ಶಾವಲಿ ಒಂದಿಷ್ಟೂ ಕುಂಟದೆ ಹೋಗಿ ಮೋಟಾರು ಹತ್ತಿದ. ಮರುವಾರ ಬಂದ ಹೊಸ ಸಾಹೇಬ ಬಾಗಿಲಲ್ಲಿ ನೇರ ಹಿಡಿಸದೆ ಅಡ್ಡಡ್ಡ ನುಸುಳಿ ಒಳಬಂದು, ಬೂಟು ಬಿಚ್ಚದೆಯೇ ನರಸಣ್ಣನ ಸೊಂಟಕ್ಕೆ ಕೈಹಾಕಿದ.

ತಿಂಗಳೆಲ್ಲ ಒಂದು ಹೆಜ್ಜೆಯನ್ನೂ ತಪ್ಪದ ಶಾವಲಿ ಆ ಸಂಜೆ ಮಾತ್ರ ಏಕೆ ಎಡವಿದನೋ, ಹೊಸ ಸಾಹೇಬನ ಗಾತ್ರ ಅವನಿಗೆ ಮೊದಲೇ ತಿಳಿದಿತ್ತೋ, ನನಗೆ ಗೊತ್ತಾಗಿಲ್ಲ.